ಎರಡು ಕಾಯಿಲೆಯ ಒಂದು ಕಂಪ್ಯೂಟರ್: ಡಿಟಿಪಿ ಅಂಗಡಿಯೊಂದರ ಪ್ರಕರಣ ಅಧ್ಯಯನ

ಸಾಗರ ಪೇಟೆಯಲ್ಲಿ ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಸಂಘಗಳ ವಾರ್ಷಿಕ ವರದಿ, ಅಪರೂಪಕ್ಕೊಮ್ಮೆ ಒಂದು ಪುಸ್ತಕ, ಹೀಗೆ ಅಕ್ಷರ ಜೋಡಣೆಯ ಕೆಲಸ ಮಾಡಿಕೊಡುವ ಒಂದು ಸಣ್ಣ ಡಿಟಿಪಿ ಅಂಗಡಿ ಇದೆ. ಅದನ್ನು ನಡೆಸುವವರನ್ನು ಊರಿನವರೆಲ್ಲ ಅಕ್ಕ ಎಂದೇ ಕರೆಯುವುದರಿಂದ ಈ ಬರಹದಲ್ಲಿಯೂ ಅವರನ್ನು ಹಾಗೆಯೇ ಕರೆಯುತ್ತೇನೆ. 2024ರ ಜುಲೈ ತಿಂಗಳ ನಡುವೆ ಒಂದು ಬೆಳಿಗ್ಗೆ ಅವರು ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಫೋನ್ ಮಾಡಿ, "ಸಿಪಿಯು ಸತ್ತೇ ಹೋಗಿದೆ ಮಾರಾಯ, ಸ್ವಿಚ್ ಒತ್ತಿದರೆ ಉಸಿರೇ ಇಲ್ಲ" ಎಂದರು. ನಮ್ಮ ಕಡೆ ಇಡೀ ಡಬ್ಬವನ್ನೇ ಸಿಪಿಯು ಎನ್ನುವುದು ರೂಢಿ. ಹಿಂದಿನ ಸಂಜೆ ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದು ಪೇಟೆಯ ಅರ್ಧ ಭಾಗಕ್ಕೆ ಸುಮಾರು ಹದಿನಾಲ್ಕು ಗಂಟೆ ಕರೆಂಟ್ ಇರಲಿಲ್ಲ. ಕರೆಂಟ್ ಬಂದ ಮೇಲೆ ಅಂಗಡಿಯ ದೀಪ, ಜೆರಾಕ್ಸ್ ಯಂತ್ರ, ಪ್ರಿಂಟರ್ ಎಲ್ಲವೂ ಎದ್ದವು, ಈ ಒಂದು ಯಂತ್ರ ಮಾತ್ರ ಏಳಲಿಲ್ಲ.

ಯಂತ್ರವು 2013ರಲ್ಲಿ ಬಿಡಿಭಾಗಗಳನ್ನು ತಂದು ಜೋಡಿಸಿದ್ದು. ಮೂರನೆಯ ಪೀಳಿಗೆಯ ಇಂಟೆಲ್ ಐ3 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ಡಬ್ಬದ ಜೊತೆಗೇ ಬಂದಿದ್ದ, ಗೋಡೆಯ ಕರೆಂಟನ್ನು ಯಂತ್ರಕ್ಕೆ ತಕ್ಕಂತೆ ಇಳಿಸಿ ಕೊಡುವ, ಹೆಸರಿಲ್ಲದ ಎಸ್‌ಎಂಪಿಎಸ್. ಅದರಲ್ಲಿ ವಿಂಡೋಸ್ 7, ಪುಟ ವಿನ್ಯಾಸದ ಪೇಜ್‌ಮೇಕರ್ 7, ಕೋರೆಲ್‌ಡ್ರಾ ಹಾಗೂ ಕನ್ನಡ ಟೈಪಿಸುವ ನುಡಿ ತಂತ್ರಾಂಶಗಳಿದ್ದವು. ಹನ್ನೊಂದು ವರ್ಷಗಳ ಕೆಲಸವೆಲ್ಲ ಅದೊಂದೇ ಹಾರ್ಡ್‌ಡಿಸ್ಕಿನಲ್ಲಿತ್ತು. ಬೇರೆಡೆ ಪ್ರತಿ ಇದ್ದದ್ದು ಐದು ತಿಂಗಳ ಹಿಂದೆ ಒಂದು ಪೆನ್‌ಡ್ರೈವಿಗೆ ಹಾಕಿಕೊಂಡ ಕೆಲವು ಫೋಲ್ಡರುಗಳು ಮಾತ್ರ. ಜೊತೆಗೆ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಊರಿನ ಕೆರೆಗಳ ಕುರಿತು ಬರೆದ ಪುಸ್ತಕವೊಂದು ಕೊನೆಯ ಕರಡಿನ ಹಂತದಲ್ಲಿದ್ದು, ಅದು ಆ ವಾರವೇ ಮುದ್ರಣಕ್ಕೆ ಹೋಗಬೇಕಿತ್ತು.

ಕರೆಂಟ್ ಬಂದಾಗ ಒಮ್ಮೆಲೇ ಹೈ ವೋಲ್ಟೇಜ್ ಬಂದು ಎಲ್ಲ ಸುಟ್ಟುಹೋಗಿದೆ ಎಂಬುದು ಅಂಗಡಿಗೆ ಬಂದುಹೋದವರೆಲ್ಲರ ತೀರ್ಪಾಗಿತ್ತು. ನನಗೆ ಅದು ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಒಂದೇ ಬೋರ್ಡಿನ ಮೇಲಿರುವ ಉಳಿದ ಯಂತ್ರಗಳಿಗೆ ಏನೂ ಆಗಿರಲಿಲ್ಲ, ಕಂಪ್ಯೂಟರಿನ ಹಿಂದೆ ಯುಪಿಎಸ್ ಇತ್ತು, ಸುಟ್ಟ ವಾಸನೆಯಂತೂ ಇರಲೇ ಇಲ್ಲ. ನಮ್ಮಲ್ಲಿ ಸಿಡಿಲಿನ ಕಾಲವೆಂದರೆ ಮಳೆಗಾಲ ಹಿಡಿಯುವುದಕ್ಕೆ ಮೊದಲಿನ ಏಪ್ರಿಲ್, ಮೇ ತಿಂಗಳುಗಳು. ಜುಲೈಯಲ್ಲಿ ಕಾಡುವುದು ಗಾಳಿ, ತಂತಿಯ ಮೇಲೆ ಬೀಳುವ ಮರ ಮತ್ತು ಗೋಡೆಯೊಳಗೂ ಇಳಿಯುವ ತೇವ. ಆದ್ದರಿಂದ ಡಬ್ಬವನ್ನು ಮುಟ್ಟುವ ಮೊದಲು ಹಿಂದಿನ ದಿನಗಳಲ್ಲಿ ಯಂತ್ರ ಹೇಗೆ ನಡೆದುಕೊಳ್ಳುತ್ತಿತ್ತು ಎಂದು ಕೇಳಿದೆ. ಮೊದಲು "ಸರಿಯಾಗಿಯೇ ಇತ್ತು" ಎಂಬ ಉತ್ತರ ಬಂತು. ಫೈಲು ತೆರೆಯಲು ತಡವಾಗುತ್ತಿತ್ತೇ ಎಂದು ಬಿಡಿಸಿ ಕೇಳಿದಾಗ, ಎರಡು ವಾರಗಳಿಂದ ಹಳೆಯ ಲಗ್ನಪತ್ರಿಕೆಯೊಂದನ್ನು ತೆರೆಯಲು ಹೋದರೆ ಟೀ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತೆಂದೂ, ಆಗ ಒಳಗಿನಿಂದ ಹಲ್ಲಿ ಲೊಚಗುಟ್ಟಿದಂತೆ ಸದ್ದು ಕೇಳುತ್ತಿತ್ತೆಂದೂ, ಮಳೆಗಾಲದ ತೇವಕ್ಕೆ ಹಾಗಾಗುತ್ತಿರಬಹುದೆಂದು ಸುಮ್ಮನಿದ್ದೆನೆಂದೂ ಹೇಳಿದರು. ಸ್ವಿಚ್ ಒತ್ತಿದರೆ ಉಸಿರಿಲ್ಲದಿರುವುದಕ್ಕೂ ಈ ಸದ್ದಿಗೂ ನೇರ ಸಂಬಂಧವಿರಲು ಸಾಧ್ಯವಿಲ್ಲ. ಯಂತ್ರಕ್ಕೆ ಹಿಡಿದಿರುವುದು ಒಂದಲ್ಲ, ಎರಡು ಕಾಯಿಲೆ ಎಂಬ ಅನುಮಾನ ಹುಟ್ಟಿದ್ದು ಅಲ್ಲಿಯೇ, ಈ ಪ್ರಕರಣವನ್ನು ಬರೆದಿಡಲು ಕಾರಣವೂ ಅದೇ.

ಮೊದಲ ಕಾಯಿಲೆ

ಡಬ್ಬವನ್ನು ತೆರೆದು ಮೊದಲು ಮಾಡಿದ ಕೆಲಸವೆಂದರೆ ಹಾರ್ಡ್‌ಡಿಸ್ಕಿಗೆ ಹೋಗುವ ಎರಡೂ ಕೇಬಲ್‌ಗಳನ್ನು, ಅಂದರೆ ಕರೆಂಟಿನದನ್ನೂ ಡೇಟಾದ್ದನ್ನೂ, ಬಿಡಿಸಿದ್ದು. ಯಂತ್ರ ಏಳುವುದೋ ಇಲ್ಲವೋ ಎಂದು ನೋಡುವ ಪರೀಕ್ಷೆಗೆ ಹಾರ್ಡ್‌ಡಿಸ್ಕ್ ಬೇಕಾಗುವುದಿಲ್ಲ. ಅದಿಲ್ಲದಿದ್ದರೂ, ಬೋರ್ಡಿನಲ್ಲಿಯೇ ಇದ್ದು ಯಂತ್ರವನ್ನು ಎಬ್ಬಿಸುವ ಬಯೋಸ್ ಎಂಬ ತಂತ್ರಾಂಶದ ಪರದೆಯವರೆಗೆ ಯಂತ್ರ ಬಂದೇ ಬರುತ್ತದೆ. ಅನುಮಾನವಿರುವ ಎಸ್‌ಎಂಪಿಎಸ್ ಒಂದನ್ನು ಹತ್ತು ಸಲ ಹಚ್ಚಿ ಆರಿಸುವಾಗ, ಅದರ ಏರಿಳಿತವನ್ನೆಲ್ಲ ಮೊದಲೇ ಹಣ್ಣಾಗಿರುವ ಡಿಸ್ಕಿಗೆ ಉಣಿಸುವುದರಲ್ಲಿ ಅರ್ಥವಿಲ್ಲ.

ಗೋಡೆಯ ಸಾಕೆಟ್, ಯುಪಿಎಸ್ ಮತ್ತು ಪವರ್ ಕೇಬಲ್‌ಗಳನ್ನು ಪರೀಕ್ಷಿಸಲು ಐದು ನಿಮಿಷ ಸಾಕಾಯಿತು, ಮೂರೂ ಸರಿಯಿದ್ದವು. ಅನಂತರ ಎಸ್‌ಎಂಪಿಎಸ್ ನಿಂದ ಮದರ್‌ಬೋರ್ಡಿಗೆ ಬರುವ 24 ಪಿನ್ನಿನ ಕನೆಕ್ಟರಿನಲ್ಲಿ ನೇರಳೆ ಬಣ್ಣದ ತಂತಿಗೂ ಒಂದು ಕಪ್ಪು ತಂತಿಗೂ ಮಲ್ಟಿಮೀಟರ್ ಹಿಡಿದೆ. ನೇರಳೆ ತಂತಿಯಲ್ಲಿ ಬರುವುದು ಸ್ಟ್ಯಾಂಡ್‌ಬೈ ವಿದ್ಯುತ್ತು. ಕಂಪ್ಯೂಟರ್ ಆಫ್ ಆಗಿದ್ದರೂ, ಗೋಡೆಯಲ್ಲಿ ಪ್ಲಗ್ ಇರುವವರೆಗೆ ಅಲ್ಲಿ 5 ವೋಲ್ಟ್ ಇರಲೇಬೇಕು. ಹೆಚ್ಚು ಕಡಿಮೆಯೆಂದರೆ 4.75ರಿಂದ 5.25ರ ಒಳಗೆ. ಮುಂಭಾಗದ ಗುಂಡಿಯನ್ನು ಒತ್ತಿದ್ದನ್ನು ಗ್ರಹಿಸಿ, ಹಸಿರು ತಂತಿಯ ಮೂಲಕ "ಇನ್ನು ಏಳು" ಎಂದು ಎಸ್‌ಎಂಪಿಎಸ್‌ಗೆ ಹೇಳುವ ಮದರ್‌ಬೋರ್ಡಿನ ಭಾಗ ಬದುಕಿರುವುದು ಈ ಐದು ವೋಲ್ಟಿನ ಮೇಲೆ. ನಮ್ಮ ಮೀಟರಿನಲ್ಲಿ ಕಂಡದ್ದು 2.9ರಿಂದ 3.4ರವರೆಗೆ ಓಲಾಡುವ ಅಂಕೆ. ಗುಂಡಿ ಒತ್ತಿದರೆ ಉಸಿರಿಲ್ಲದಿದ್ದುದಕ್ಕೆ ಇಷ್ಟೇ ಕಾರಣ: ಗುಂಡಿಯ ಕರೆಯನ್ನು ಕೇಳಿಸಿಕೊಳ್ಳುವವರೇ ಎಚ್ಚರವಿರಲಿಲ್ಲ.

ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ, ಹಸಿರು ತಂತಿಯನ್ನು ಕಪ್ಪು ತಂತಿಗೆ ಒಂದು ಕಾಗದದ ಕ್ಲಿಪ್ಪಿನಿಂದ ಸೇರಿಸುವ ಪರೀಕ್ಷೆಯನ್ನೂ ಮಾಡಿದೆ. ಫ್ಯಾನು ಕಾಲು ಸುತ್ತು ತಿರುಗಿ ನಿಂತಿತು. ಈ ಕ್ಲಿಪ್ಪಿನ ಪರೀಕ್ಷೆಯ ಮೇಲೆ ಹಲವರಿಗೆ ಅತಿಯಾದ ನಂಬಿಕೆಯಿದೆ. ಫ್ಯಾನು ತಿರುಗದಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ ಎನ್ನಬಹುದಾದರೂ, ತಿರುಗಿದ ಮಾತ್ರಕ್ಕೆ ಅದು ಆರೋಗ್ಯವಾಗಿದೆ ಎನ್ನಲಾಗದು. ಹೊರೆಯಿಲ್ಲದೆ ಓಡುವ ಎತ್ತು ಗಾಡಿಯನ್ನೂ ಎಳೆಯುತ್ತದೆ ಎಂದು ಅದರಿಂದ ತಿಳಿಯುವುದಿಲ್ಲ.

ಕರೆಂಟ್ ಹೋಗಿ ಬಂದ ಮೇಲೆಯೇ ಇದು ಏಕಾಯಿತು ಎಂಬ ಪ್ರಶ್ನೆಗೆ ಹೈ ವೋಲ್ಟೇಜಿಗಿಂತ ಸರಳವಾದ ಉತ್ತರವಿದೆ. ಅಂಗಡಿ ಮುಚ್ಚಿದ ಮೇಲೂ ಯುಪಿಎಸ್ ಆರಿಸುವ ಪದ್ಧತಿ ಅಲ್ಲಿರಲಿಲ್ಲವಾದ್ದರಿಂದ, ಎಸ್‌ಎಂಪಿಎಸ್‌ನ ಸ್ಟ್ಯಾಂಡ್‌ಬೈ ಭಾಗವು ಹನ್ನೊಂದು ವರ್ಷ ಹೆಚ್ಚುಕಡಿಮೆ ಹಗಲಿರುಳು ಕೆಲಸ ಮಾಡಿತ್ತು. ಆ ಭಾಗದಲ್ಲಿರುವ, ವಿದ್ಯುತ್ತನ್ನು ಹಿಡಿದಿಟ್ಟು ಏರಿಳಿತ ತಗ್ಗಿಸುವ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಒಳಗಿನ ದ್ರವ ಬಿಸಿಗೆ ವರ್ಷವರ್ಷವೂ ಆರುತ್ತ ಬರುತ್ತದೆ. ಆರಿದ ಕೆಪಾಸಿಟರ್ ಬೆಚ್ಚಗಿರುವವರೆಗೆ ಹೇಗೋ ಕೆಲಸ ಸಾಗಿಸುತ್ತದೆ. ಒಮ್ಮೆ ಪೂರ್ತಿ ತಣ್ಣಗಾದರೆ ಮತ್ತೆ ಏಳುವ ಶಕ್ತಿ ಅದಕ್ಕಿರುವುದಿಲ್ಲ. ಆ ರಾತ್ರಿ ಯುಪಿಎಸ್‌ನ ಬ್ಯಾಟರಿ ಬರಿದಾಗಿ, ಹದಿನಾಲ್ಕು ಗಂಟೆ ಅದು ತಣ್ಣಗೆ ಕುಳಿತಿತ್ತು. ಆಮೇಲೆ ಎಸ್‌ಎಂಪಿಎಸ್ ಬಿಚ್ಚಿದಾಗ ತಲೆ ಉಬ್ಬಿದ ಎರಡು ಕೆಪಾಸಿಟರುಗಳು ಕಣ್ಣಿಗೇ ಕಂಡವು. ಬಿಚ್ಚುವ ಆಸೆ ಓದುಗರಿಗೆ ಬಾರದಿರಲಿ ಎಂದು ಒಂದು ಮಾತು ಸೇರಿಸುತ್ತೇನೆ: ನಮ್ಮ 230 ವೋಲ್ಟಿನ ವಿದ್ಯುತ್ತು ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟಿನ ನೇರ ವಿದ್ಯುತ್ತಾಗಿ ನಿಂತಿರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಅದು ಅಲ್ಲಿಯೇ ಇರಬಹುದು.

ಪರೀಕ್ಷೆಗೆಂದು ಇಟ್ಟುಕೊಂಡಿರುವ ಒಳ್ಳೆಯ ಎಸ್‌ಎಂಪಿಎಸ್ ಹಾಕಿದಾಗ ಯಂತ್ರ ಎದ್ದಿತು, ಆದರೆ ಪರದೆ ಕಪ್ಪಾಗಿಯೇ ಇದ್ದು ಒಳಗಿನ ಬಜರ್ ಎಡೆಬಿಡದೆ ಕೂಗತೊಡಗಿತು. ರ‍್ಯಾಮ್ ತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜಿ, ಬ್ರಷ್ಷಿನಿಂದ ಧೂಳು ಕೊಡವಿ ಮತ್ತೆ ಕೂರಿಸಿದೆ. ಮಲೆನಾಡಿನ ಮಳೆಗಾಲದಲ್ಲಿ ಇದು ವಾರಕ್ಕೆರಡು ಸಲ ಮಾಡುವ ಕೆಲಸ. ಪರದೆ ಬಂತು, ದಿನಾಂಕ ಮಾತ್ರ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಬೋರ್ಡಿಗೆ ದಿನಾಂಕದ ನೆನಪು ಉಳಿಸುವ ಸಿಆರ್2032 ಗುಂಡು ಸೆಲ್ಲಿನಲ್ಲಿ 3 ವೋಲ್ಟ್ ಇರಬೇಕಾದಲ್ಲಿ 2.3 ಇತ್ತು, ಬದಲಿಸಿದೆ.

ಸೆಲ್ ಸತ್ತಾಗ ದಿನಾಂಕದ ಜೊತೆಗೆ ಇನ್ನೊಂದು ವಿಷಯವೂ ಮರೆತುಹೋಗುತ್ತದೆ, ಅದನ್ನು ಗಮನಿಸುವವರು ಕಡಿಮೆ. ಹಾರ್ಡ್‌ಡಿಸ್ಕಿನೊಂದಿಗೆ ಬೋರ್ಡ್ ಯಾವ ರೀತಿಯಲ್ಲಿ ಮಾತನಾಡಬೇಕು ಎಂಬ ಆಯ್ಕೆ ಬಯೋಸ್‌ನಲ್ಲಿರುತ್ತದೆ. ವಿಂಡೋಸ್ 7 ಅನ್ನು ಎಎಚ್‌ಸಿಐ ರೀತಿಯಲ್ಲಿ ಹಾಕಿದ್ದು, ಬಯೋಸ್ ತನ್ನ ಮೂಲ ಸ್ಥಿತಿಗೆ ಮರಳಿ ಐಡಿಇ ರೀತಿಯನ್ನು ಹಿಡಿದುಕೊಂಡರೆ, ವಿಂಡೋಸ್ ಅರ್ಧಕ್ಕೆ ಬಂದು ನೀಲಿ ಪರದೆಯಲ್ಲಿ 7ಬಿ ಎಂದು ಕೊನೆಯಾಗುವ ದೋಷಸಂಖ್ಯೆಯನ್ನು ತೋರಿಸಿ ನಿಲ್ಲುತ್ತದೆ. "ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಹೊಡೆಯಬೇಕು" ಎಂಬ ತೀರ್ಮಾನಕ್ಕೆ ಬರುವುದು ಸಾಮಾನ್ಯವಾಗಿ ಇಲ್ಲಿಯೇ. ಬಯೋಸ್‌ನಲ್ಲಿ ಒಂದು ಸಾಲು ಬದಲಿಸಿದರೆ ಮುಗಿಯುವ ಕೆಲಸಕ್ಕೆ ಹನ್ನೊಂದು ವರ್ಷದ ಫೈಲುಗಳನ್ನು ಒರೆಸಿ ಹಾಕಿದ ಉದಾಹರಣೆಗಳನ್ನು ನಾನು ಕಂಡಿದ್ದೇನೆ.

ನಾನು ಮಾಡಿದ ತಪ್ಪು

ಬಯೋಸ್‌ನ ಆ ಸಾಲನ್ನು ಸರಿಪಡಿಸಿದ ಮೇಲೆ ಹಾರ್ಡ್‌ಡಿಸ್ಕನ್ನು ಕಳಚಿಕೊಂಡು ಮನೆಗೆ ಬಂದುಬಿಡಬೇಕಿತ್ತು. ಎರಡನೆಯ ಕಾಯಿಲೆಯ ಲಕ್ಷಣಗಳನ್ನು ಬೆಳಿಗ್ಗೆಯೇ ಕೇಳಿಸಿಕೊಂಡವನು ನಾನು. ಆದರೆ ಹೊರಗೆ ಇಬ್ಬರು ಗಿರಾಕಿಗಳು ನಿಂತಿದ್ದರು, ಒಂದು ಲಗ್ನಪತ್ರಿಕೆಯನ್ನು ಮಧ್ಯಾಹ್ನದೊಳಗೆ ಕೊಡಬೇಕಿತ್ತು, "ಒಂದೇ ಒಂದು ಪ್ರಿಂಟ್ ತೆಗೆದುಕೊಂಡು ಬಿಡೋಣ" ಎಂದು ಅಕ್ಕ ಕೇಳಿದರು. ನಾನು ಡಿಸ್ಕಿನ ಕೇಬಲ್ ಸೇರಿಸಿದೆ. ಪರದೆಯ ಮೇಲೆ, ಡಿಸ್ಕಿನ ಸ್ಮಾರ್ಟ್ ಸ್ಥಿತಿ (ತನ್ನ ಆರೋಗ್ಯದ ಬಗ್ಗೆ ಡಿಸ್ಕ್ ತಾನೇ ಇಡುವ ಲೆಕ್ಕ) ಕೆಟ್ಟಿದೆ, ಪ್ರತಿ ಮಾಡಿಕೊಂಡು ಬದಲಿಸಿ, ಮುಂದುವರಿಯಲು ಎಫ್1 ಒತ್ತಿ ಎಂಬ ಅರ್ಥದ ಸಾಲು ಬಂತು. ನಾನು ಎಫ್1 ಒತ್ತಿದೆ.

ವಿಂಡೋಸ್ ಲಾಂಛನ ಮಿನುಗಿ ಮರೆಯಾದ ಮೇಲೆ, ಡಿ ಡ್ರೈವನ್ನು ತಪಾಸಣೆ ಮಾಡಬೇಕಾಗಿದೆ, ಬೇಡವಾದರೆ ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀಲಿ ಒತ್ತಿ ಎಂಬ ಸೂಚನೆ ಬಂದು ಅಂಕೆ ಇಳಿಯತೊಡಗಿತು. ಎಫ್1 ಒತ್ತಿದ ಮೇಲೆ ಡಬ್ಬವನ್ನು ಎಳೆಯುವಾಗ ಕೀಲಿಮಣೆಯ ಕೇಬಲ್ ಕಳಚಿಬಿಟ್ಟಿತ್ತು. ಅಂಕೆ ಏಳಕ್ಕೆ ಬಂದಾಗ ನಾನು ಪವರ್ ಗುಂಡಿಯನ್ನು ಒತ್ತಿ ಹಿಡಿದೆ, ಎರಡು ಇದ್ದಾಗ ಪರದೆ ಆರಿತು.

ಆ ತಪಾಸಣೆ ನಡೆದಿದ್ದರೆ ಏನಾಗಬಹುದಿತ್ತು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದನ್ನು ರಿಪೇರಿ ಎಂದೇ ನಂಬಿರುವವರು ಬಹಳ. ಚೆಕ್‌ಡಿಸ್ಕ್ ಎಂಬುದು ಫೈಲುಗಳನ್ನು ಉಳಿಸಲು ಮಾಡಿದ ಸಲಕರಣೆಯಲ್ಲ, ಡಿಸ್ಕಿನ ಲೆಕ್ಕದ ಪುಸ್ತಕವನ್ನು ತಾಳೆ ಮಾಡಲು ಮಾಡಿದ್ದು. ಯಾವ ಫೈಲು ಎಲ್ಲಿದೆ ಎಂಬ ಲೆಕ್ಕದ ಒಂದು ಪುಟ ಓದಲಾಗದಿದ್ದರೆ, ಅದು ತಾಳೆಯಾಗದ ನಮೂದುಗಳನ್ನು ತೆಗೆದುಹಾಕಿ, ತಬ್ಬಲಿಯಾದ ತುಣುಕುಗಳಿಗೆ ಸಂಖ್ಯೆಯ ಹೆಸರು ಕೊಟ್ಟು ಬೇರೊಂದು ಫೋಲ್ಡರಿಗೆ ತುಂಬಿ, ಲೆಕ್ಕ ಸರಿಹೋಯಿತು ಎನ್ನುತ್ತದೆ. ಒಳ್ಳೆಯ ಡಿಸ್ಕಿನಲ್ಲಿ, ಕರೆಂಟ್ ಹೋಗಿ ಆದ ಸಣ್ಣ ಗೊಂದಲಕ್ಕೆ ಅದು ತಕ್ಕ ಮದ್ದು. ಸಾಯುತ್ತಿರುವ ಡಿಸ್ಕಿನಲ್ಲಿ, ಇನ್ನೂ ಎರಡು ಸಲ ಪ್ರಯತ್ನಿಸಿದ್ದರೆ ಓದಲು ಸಿಗುತ್ತಿದ್ದ ಪುಟವನ್ನೇ ಅದು ಹರಿದು ಎಸೆದಂತಾಗುತ್ತದೆ, ಮೇಲಿಂದ ಡಿಸ್ಕಿನ ಮೇಲೆ ಹೊಸದಾಗಿ ಬರೆಯುತ್ತದೆ ಕೂಡ.

ಎರಡನೆಯ ಕಾಯಿಲೆ

ಡಿಸ್ಕನ್ನು ಮನೆಗೆ ತಂದು, ನನ್ನ ಕೆಲಸದ ಯಂತ್ರದ ಸಾಟಾ ಪೋರ್ಟಿಗೆ ನೇರವಾಗಿ ಜೋಡಿಸಿ, ಪೆನ್‌ಡ್ರೈವಿನಿಂದ ಲಿನಕ್ಸ್ ಹಚ್ಚಿದೆ. ಯುಎಸ್‌ಬಿ ಅಡಾಪ್ಟರಿನ ಮೂಲಕ ಜೋಡಿಸುವುದು ಸುಲಭವಾದರೂ, ಓದಲಾಗದ ಜಾಗ ಬಂದಾಗ ಅವುಗಳಲ್ಲಿ ಹಲವು ತಾವೇ ತಬ್ಬಿಬ್ಬಾಗಿ ಡಿಸ್ಕನ್ನು ಕಳಚಿಬಿಡುತ್ತವೆ. ಸ್ಮಾರ್ಟ್ ವರದಿಯಲ್ಲಿ ನಾನು ನೋಡುವುದು ಮೂರ‍್ನಾಲ್ಕು ಸಾಲುಗಳನ್ನು ಮಾತ್ರ. 5ನೆಯ ಸಂಖ್ಯೆಯ ಸಾಲು, ಕೆಟ್ಟ ಸೆಕ್ಟರುಗಳಿಗೆ, ಎಂದರೆ ಡಿಸ್ಕಿನ ಚಿಕ್ಕ ಚಿಕ್ಕ ಮನೆಗಳಿಗೆ, ಬದಲಿ ಜಾಗ ಕೊಟ್ಟ ಲೆಕ್ಕ. 197ನೆಯದು, ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವವುಗಳ ಲೆಕ್ಕ. ಇಲ್ಲಿ ಎರಡೂ ಏರಿ ಕುಳಿತಿದ್ದವು, 197ರ ಅಂಕೆ ಸಾವಿರವನ್ನು ದಾಟಿತ್ತು. 199ನೆಯ ಸಾಲು ಸೊನ್ನೆಯಿತ್ತು, ಎಂದರೆ ಕೇಬಲ್ಲಿನ ದೋಷವಲ್ಲ. ಡಿಸ್ಕ್ ತಿರುಗುತ್ತಿತ್ತು, ತನ್ನ ಹೆಸರನ್ನು ಸರಿಯಾಗಿ ಹೇಳುತ್ತಿತ್ತು. ತಿರುಗದೆ ಇದ್ದಿದ್ದರೆ ಅಥವಾ ಒಂದೇ ಸಮನೆ ಟಿಕ್ ಟಿಕ್ ಎನ್ನುತ್ತ ಹೆಸರನ್ನೇ ಹೇಳದಿದ್ದರೆ ನಾನು ಅಲ್ಲಿಗೇ ನಿಲ್ಲಿಸಿ, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ತೆರೆಯುವ ವ್ಯವಸ್ಥೆಯಿರುವ ಪ್ರಯೋಗಾಲಯಕ್ಕೆ ಕಳಿಸಿ ಎನ್ನುತ್ತಿದ್ದೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ; ನಮ್ಮ ತೇವದ ಹವೆಯಲ್ಲಿ ತಣ್ಣಗಿನ ಡಿಸ್ಕನ್ನು ಹೊರತೆಗೆದ ಕೂಡಲೇ ಅದರ ಮೇಲೆ ನೀರು ಕಟ್ಟುತ್ತದೆ, ಅಷ್ಟೇ.

ನಿಯಮವಿಷ್ಟೇ: ಸಾಯುತ್ತಿರುವ ಡಿಸ್ಕಿನಿಂದ ಫೈಲುಗಳನ್ನು ಆರಿಸಲು ಕೂರಬಾರದು, ಇಡೀ ಡಿಸ್ಕಿನ ಪಡಿಯಚ್ಚನ್ನು ಮೊದಲು ತೆಗೆದುಕೊಂಡು ಮುಂದಿನದನ್ನೆಲ್ಲ ಆ ಅಚ್ಚಿನ ಮೇಲೆಯೇ ಮಾಡಬೇಕು. ಇದಕ್ಕೆ ನಾನು ಬಳಸುವುದು ಗ್ನೂ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ. 500 ಜಿಬಿ ಎಂದರೆ 512 ಬೈಟುಗಳ 97,67,73,168 ಸೆಕ್ಟರುಗಳು. ಅವನ್ನೆಲ್ಲ ಹಟ ಹಿಡಿದು ಸಾಲಾಗಿ ಓದುವ ಬದಲು, ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ಬಾಚಿಕೊಂಡು, ತಡೆದಲ್ಲಿ ಹಾರಿ ಮುಂದಕ್ಕೆ ಹೋಗುತ್ತದೆ. ಬಿಟ್ಟದ್ದು ಎಲ್ಲೆಲ್ಲಿ ಎಂಬುದನ್ನು ಒಂದು ನಕಾಶೆ ಫೈಲಿನಲ್ಲಿ ಬರೆದಿಟ್ಟುಕೊಂಡು, ಮುಂದಿನ ಸುತ್ತುಗಳಲ್ಲಿ ಅಂಚಿನಿಂದ ಒಳಕ್ಕೆ ಒಂದೊಂದೇ ಸೆಕ್ಟರನ್ನು ಕೆರೆದು ನೋಡುತ್ತದೆ. ಯಾವುದರಿಂದ ಯಾವುದಕ್ಕೆ ನಕಲಾಗಬೇಕು ಎಂಬುದನ್ನು ಅದಕ್ಕೆ ಹೇಳುವಾಗ ಡಿಸ್ಕುಗಳ ಸರಣಿ ಸಂಖ್ಯೆಯನ್ನು ಅವುಗಳ ಮೇಲಿನ ಚೀಟಿಯೊಂದಿಗೆ ತಾಳೆ ನೋಡಿಯೇ ಹೇಳಬೇಕು. ಎರಡು ಹೆಸರು ಅದಲುಬದಲಾದರೆ ಖಾಲಿ ಡಿಸ್ಕಿನ ಸೊನ್ನೆಗಳು ಗಿರಾಕಿಯ ಡಿಸ್ಕಿಗೆ ಹೋಗುತ್ತವೆ. ಹೊಸದಾಗಿ ಕೊಂಡ 2 ಟಿಬಿ ಡಿಸ್ಕನ್ನು ಗುರಿಯಾಗಿಟ್ಟೆ, ಹಳೆಯ ಡಿಸ್ಕಿನ ಕಡೆಗೆ ಮೇಜಿನ ಫ್ಯಾನ್ ತಿರುಗಿಸಿದೆ.

ಡಿಸ್ಕಿನಲ್ಲಿ ಎರಡು ಭಾಗಗಳಿದ್ದವು: ಮೊದಲ 100 ಜಿಬಿಯಷ್ಟು ಸಿ, ಉಳಿದದ್ದು ಡಿ. ಕೆಲಸವೆಲ್ಲ ಎಲ್ಲಿದೆ ಎಂದು ಅಂಗಡಿಯಲ್ಲಿಯೇ ಕೇಳಿದ್ದೆ. "ಎಲ್ಲ ಡಿ ಯಲ್ಲೇ ಇದೆ, ಸಿ ಯಲ್ಲಿ ಏನೂ ಇಡಬಾರದು ಅಂತ ನೀನೇ ಹೇಳಿದ್ದೆಯಲ್ಲ" ಎಂದಿದ್ದರು ಅಕ್ಕ. ಸಿ ಯಲ್ಲಿರುವ ವಿಂಡೋಸ್ ಯಾವಾಗ ಬೇಕಾದರೂ ಹಾಕಬಹುದಾದದ್ದು. ಆದ್ದರಿಂದ ಡಿಡಿರೆಸ್ಕ್ಯೂಗೆ ಆರಂಭದ ಸ್ಥಾನವನ್ನು ಕೊಟ್ಟು ಡಿ ಯಿಂದಲೇ ತೊಡಗಿದೆ. ಮೊದಮೊದಲು ಸೆಕೆಂಡಿಗೆ 90 ಎಂಬಿ ವೇಗದಲ್ಲಿ ಬರುತ್ತಿದ್ದದ್ದು, ಡಿ ಯೊಳಗೆ ಸುಮಾರು 60 ಜಿಬಿ ದಾಟಿದಾಗ ಒಮ್ಮೆಲೇ ಕೆಬಿ ಲೆಕ್ಕಕ್ಕೆ ಇಳಿಯಿತು. ಆ ಹಲ್ಲಿಯ ಲೊಚಗುಟ್ಟುವ ಸದ್ದು ನನಗೂ ಕೇಳಿಸಿತು. ಮೊದಲ ಸುತ್ತು ಮುಗಿಯುವಾಗ ಮೂರು ಗಂಟೆ ಕಳೆದು ರಾತ್ರಿ ಹನ್ನೊಂದಾಗಿತ್ತು.

ಬಿಟ್ಟುಹೋದ ಜಾಗಗಳನ್ನು ಕೆರೆಯುವ ಸುತ್ತನ್ನು ಹಚ್ಚಿ ಮಲಗುವ ಮೊದಲು, ಬಂದಷ್ಟರಲ್ಲಿ ಮೇಷ್ಟ್ರ ಪುಸ್ತಕವಿದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ತಡರಾತ್ರಿಯೆಂದು ಸಂಕೋಚಪಡುತ್ತಲೇ ಅಕ್ಕನಿಗೆ ಫೋನ್ ಮಾಡಿ ಯಾವ ಫೋಲ್ಡರ್ ಎಂದು ಕೇಳಿದರೆ, "ಅದು ಎದುರಿಗೇ ಇತ್ತಲ್ಲ, ಪರದೆ ಮೇಲೆ" ಎಂದರು. ಪರದೆಯ ಮೇಲೆ, ಎಂದರೆ ಡೆಸ್ಕ್‌ಟಾಪ್ ಫೋಲ್ಡರಿನಲ್ಲಿ, ಎಂದರೆ ಸಿ ಡ್ರೈವಿನಲ್ಲಿ. ಕಣ್ಣೆದುರಿಗೆ ಕಾಣುವುದು ಯಾವುದೋ ಡ್ರೈವಿನೊಳಗೆ ಇದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಅದು ಅವರ ತಪ್ಪಲ್ಲ, ಪ್ರಶ್ನೆಯನ್ನು ಸರಿಯಾಗಿ ಕೇಳದ ನನ್ನದು. ಕೂಡಲೇ ಡಿ ಯ ಕೆಲಸವನ್ನು ತಡೆದು ಸಿ ಭಾಗದ ಮೊದಲ ಸುತ್ತನ್ನು ಓಡಿಸಿದೆ. ಅದು ಇಪ್ಪತ್ತೇ ನಿಮಿಷದಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ಬಂತು. ಅನಂತರ ಎರಡೂ ಭಾಗಗಳ ಉಳಿಕೆಯನ್ನು ಕೆರೆಯಲು ಹಚ್ಚಿ ಮಲಗಿದೆ.

ಎರಡು ಗಂಟೆಯ ಹೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್ ಕೂಗಿಗೆ ಎದ್ದು ಬಂದು, ಡಿಡಿರೆಸ್ಕ್ಯೂ ಅನ್ನು ಕ್ರಮವಾಗಿ ನಿಲ್ಲಿಸಿ, ಯಂತ್ರವನ್ನು ಆರಿಸಿದೆ. ನಕಾಶೆ ಫೈಲು ಇರುವುದರಿಂದ ನಿಂತಲ್ಲಿಂದ ಮುಂದುವರಿಯುವುದಕ್ಕೆ ತೊಂದರೆಯಿರಲಿಲ್ಲ. ತೊಂದರೆ ಬಂದದ್ದು ಡಿಸ್ಕಿನ ಕಡೆಯಿಂದ. ಬೆಳಿಗ್ಗೆ ತಣ್ಣಗಾಗಿದ್ದ ಡಿಸ್ಕ್ ಮೊದಲ ಸಲ ಹಚ್ಚಿದಾಗ ತನ್ನ ಹೆಸರನ್ನೇ ಹೇಳಲಿಲ್ಲ. ಎರಡನೆಯ ಸಲವೂ ಇಲ್ಲ. ಅರ್ಧ ಗಂಟೆ ಬಿಟ್ಟು ಮೂರನೆಯ ಸಲ ಹಚ್ಚಿದಾಗ, ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ, ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಹಿಂದಿನ ರಾತ್ರಿ ಫೋನ್ ಮಾಡಲು ಸಂಕೋಚಪಟ್ಟು ಡಿ ಯನ್ನೇ ಕೆರೆಯಲು ಬಿಟ್ಟು ಮಲಗಿದ್ದರೆ, ಆ ಅರ್ಧ ಗಂಟೆಯನ್ನು ಪುಸ್ತಕ ಕೈಯಲ್ಲಿಲ್ಲದೆ ಕಳೆಯಬೇಕಾಗಿತ್ತು.

ಮುಂದಿನ ಒಂದೂವರೆ ದಿನದಲ್ಲಿ, ಒಮ್ಮೆ ಮುಂದಿನಿಂದ ಒಮ್ಮೆ ಹಿಂದಿನಿಂದ ಓದಿಸಿ, ಡಿ ಯಲ್ಲಿ ಉಳಿದ ಕೊರತೆ 6.2 ಎಂಬಿಗೂ ಸಿ ಯಲ್ಲಿ ಉಳಿದದ್ದು 48 ಕೆಬಿಗೂ ಇಳಿಯಿತು. ಅಲ್ಲಿಗೆ ನಿಲ್ಲಿಸಿದೆ. ಇನ್ನೂ ಕೆರೆದರೆ ಇನ್ನಷ್ಟು ಬರುತ್ತಿತ್ತೇನೋ, ಆದರೆ ಕೊನೆಯ ಆರು ಗಂಟೆಯಲ್ಲಿ ಬಂದದ್ದು ಬರೀ 30 ಕೆಬಿ.

ಅಚ್ಚಿನಿಂದ ಫೈಲಿಗೆ

ಮೊದಲು ಅಚ್ಚಿನ ಇನ್ನೊಂದು ಪ್ರತಿ ಮಾಡಿಟ್ಟುಕೊಂಡೆ. ಸಿ ಸುಲಭವಾಗಿ ತೆರೆಯಿತು. ಡಿ ತೆರೆಯಲಿಲ್ಲ. ಎನ್‌ಟಿಎಫ್‌ಎಸ್ ರಚನೆಯಲ್ಲಿ ಪ್ರತಿಯೊಂದು ಫೈಲಿಗೂ ಒಂದು ಕೆಬಿಯಷ್ಟು ನಮೂದು ಇರುವ ಎಂಎಫ್‌ಟಿ ಎಂಬ ಮುಖ್ಯ ಪಟ್ಟಿಯಿದೆ. ಫೈಲುಗಳು ಹೆಚ್ಚಿದಂತೆ ಆ ಪಟ್ಟಿಯೂ ಡಿಸ್ಕಿನಲ್ಲಿ ಬೇರೆಬೇರೆ ಕಡೆ ತುಂಡುಗಳಾಗಿ ಬೆಳೆಯುತ್ತದೆ, ಅಂಥ ಒಂದು ತುಂಡು ಕೆಟ್ಟ ಪಟ್ಟೆಯ ನಡುವೆ ಸಿಕ್ಕಿಕೊಂಡಿತ್ತು. ಟೆಸ್ಟ್‌ಡಿಸ್ಕ್ ತಂತ್ರಾಂಶವು ಉಳಿದ ನಮೂದುಗಳನ್ನು ಓದಿ ಫೋಲ್ಡರುಗಳನ್ನು ಹೆಸರು ಸಮೇತ ತೋರಿಸಿತು, ಅವನ್ನು ಹಾಗೆಯೇ ನಕಲಿಸಿಕೊಂಡೆ. ನಮೂದು ಕಳೆದುಕೊಂಡ ಫೈಲುಗಳಿಗೆ ಉಳಿದ ದಾರಿ ಫೋಟೋರೆಕ್. ಅದು ಹೆಸರು, ಫೋಲ್ಡರುಗಳ ಗೊಡವೆಗೆ ಹೋಗದೆ, ಪ್ರತಿಯೊಂದು ಬಗೆಯ ಫೈಲೂ ತನ್ನ ತಲೆಯಲ್ಲಿ ಹೊತ್ತಿರುವ ಗುರುತನ್ನು ಹಿಡಿದು ಎತ್ತಿ ತರುತ್ತದೆ. ಒಂಬೈನೂರಕ್ಕೂ ಹೆಚ್ಚು ಫೈಲುಗಳು ಬಂದವು, ಒಂದಕ್ಕೂ ಹೆಸರಿರಲಿಲ್ಲ.

ಅವುಗಳಲ್ಲಿ ಬೇಕಾದ ವರ್ಡ್ ಫೈಲುಗಳನ್ನು ಹುಡುಕಲು ಹೊರಟಾಗ, ಕನ್ನಡದ ಅಂಗಡಿಗಳಿಗೆ ಮಾತ್ರ ಬರುವ ತೊಡಕೊಂದು ಎದುರಾಯಿತು. ಸಂಘದ ಹೆಸರನ್ನು ಕನ್ನಡದಲ್ಲಿ ಟೈಪಿಸಿ ಎಲ್ಲ ಫೈಲುಗಳ ಒಳಗೆ ಹುಡುಕಿದರೆ ಒಂದೂ ಸಿಗಲಿಲ್ಲ. ಪುಟ ವಿನ್ಯಾಸದ ಹಳೆಯ ತಂತ್ರಾಂಶಗಳಿಗಾಗಿ ನುಡಿಯ ಹಳೆಯ ಫಾಂಟುಗಳಲ್ಲಿ ಮಾಡಿದ ಕೆಲಸ, ಪ್ರತಿಯೊಂದು ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆಯಿರುವ ಯೂನಿಕೋಡ್ ಅಲ್ಲ. ಫೈಲಿನೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಸೊಟ್ಟಗೆರೆ ಹೊತ್ತ ಅಕ್ಷರಗಳು, ಅವಕ್ಕೆ ಕನ್ನಡದ ಮುಖ ತೊಡಿಸುವುದು ಫಾಂಟು. ಕಂಪ್ಯೂಟರಿನ ಕಣ್ಣಿಗೆ ಅಲ್ಲಿ ಕನ್ನಡವೇ ಇಲ್ಲ. ಆದ್ದರಿಂದ ಬೇಕಾದ ಪದವನ್ನು ನುಡಿಯಲ್ಲಿಯೇ ಟೈಪಿಸಿ, ಅದನ್ನು ನೋಟ್‌ಪ್ಯಾಡಿಗೆ ಅಂಟಿಸಿ, ಅಲ್ಲಿ ಕಾಣುವ ಅರ್ಥವಿಲ್ಲದ ಅಕ್ಷರಮಾಲೆಯನ್ನೇ ಹುಡುಕುವ ಪದವಾಗಿ ಕೊಟ್ಟೆ. ವಾರ್ಷಿಕ ವರದಿಗಳು, ಆಮಂತ್ರಣಗಳು ಒಂದೊಂದಾಗಿ ಸಿಗತೊಡಗಿದವು. ಹಾಗೆ ಸಿಕ್ಕ ಪ್ರತಿಯೊಂದಕ್ಕೂ ಅಕ್ಕ ಪಕ್ಕದಲ್ಲಿ ಕುಳಿತು ಹೆಸರಿಟ್ಟರು.

ಯಾವ ಫೈಲಿಗೆ ಪೆಟ್ಟಾಗಿದೆ ಎಂದು ತಿಳಿಯುವುದು ಇನ್ನೊಂದು ಕೆಲಸ. ನಕಲಾಗಿದೆ ಎಂದ ಮಾತ್ರಕ್ಕೆ ಫೈಲು ಇಡಿಯಾಗಿದೆ ಎಂದಲ್ಲ. ಓದಲಾಗದ ಜಾಗದಲ್ಲಿ ಅಚ್ಚಿನೊಳಗೆ ಸೊನ್ನೆಗಳು ತುಂಬಿರುತ್ತವೆ. ಡಿಡಿರೆಸ್ಕ್ಯೂನಲ್ಲಿಯೇ ಇದಕ್ಕೊಂದು ಒಳ್ಳೆಯ ಉಪಾಯವಿದೆ. ಎರಡನೆಯ ಪ್ರತಿಯಲ್ಲಿ, ನಕಾಶೆಯನ್ನು ನೋಡಿಕೊಂಡು, ಕೆಟ್ಟ ಜಾಗಗಳಿಗೆಲ್ಲ ಬೇರೆಲ್ಲಿಯೂ ಬರಲಾರದ ಒಂದು ಗುರುತಿನ ಪದವನ್ನು ತುಂಬಿಸಿ, ಆಮೇಲೆ ಆ ಪದ ಯಾವ ಯಾವ ಫೈಲಿನೊಳಗಿದೆ ಎಂದು ಹುಡುಕಿದರೆ ಪೆಟ್ಟು ತಿಂದವುಗಳ ಪಟ್ಟಿ ಸಿಗುತ್ತದೆ. ಮೂವತ್ತೇಳು ಫೈಲುಗಳು ಸಿಕ್ಕವು. ಮೂವತ್ತಾರು ಹಳೆಯ ಪತ್ರಿಕೆ, ಕರಪತ್ರಗಳ ಕೋರೆಲ್ ಫೈಲುಗಳು. ಮದುವೆಗಳೆಲ್ಲ ಮುಗಿದು ಎಷ್ಟೋ ವರ್ಷಗಳಾಗಿದ್ದವು. ಮೂವತ್ತೇಳನೆಯದು ಮಾತ್ರ ಮೇಷ್ಟ್ರ ಪುಸ್ತಕದ ಆರನೆಯ ಅಧ್ಯಾಯ. ಸಿ ಯಲ್ಲಿ ಉಳಿದಿದ್ದ ಆ 48 ಕೆಬಿಯ ಒಂದು ಚೂರು ಹೋಗಿ ಕುಳಿತದ್ದು ಅಲ್ಲಿ. ಪೇಜ್‌ಮೇಕರ್ ಆ ಫೈಲನ್ನು ತೆರೆಯಲು ಒಪ್ಪಲಿಲ್ಲ.

ಅದನ್ನು ಉಳಿಸಿದ್ದು ನನ್ನ ಯಾವ ಸಲಕರಣೆಯೂ ಅಲ್ಲ. ಮೂರು ವಾರದ ಹಿಂದೆ ಕರಡು ತಿದ್ದಲೆಂದು ಅಕ್ಕ ಇಡೀ ಪುಸ್ತಕದ ಪಿಡಿಎಫ್ ಅನ್ನು ಮೇಷ್ಟ್ರಿಗೆ ವಾಟ್ಸಾಪಿನಲ್ಲಿ ಕಳಿಸಿದ್ದರು, ಅದು ಅವರ ಫೋನಿನಲ್ಲಿ ಹಾಗೆಯೇ ಇತ್ತು. ಅದರಿಂದ ಆರನೆಯ ಅಧ್ಯಾಯದ ಪಠ್ಯವನ್ನು ನಕಲಿಸಿದಾಗ ಬಂದದ್ದು ಅದೇ ಅರ್ಥವಿಲ್ಲದ ಅಕ್ಷರಮಾಲೆ. ಅದನ್ನು ಪೇಜ್‌ಮೇಕರಿಗೆ ಅಂಟಿಸಿ ನುಡಿ ಫಾಂಟ್ ಕೊಟ್ಟ ಕೂಡಲೇ ಕನ್ನಡವಾಗಿ ಎದ್ದು ನಿಂತಿತು. ಪ್ರತಿಯೊಂದು ಸಾಲಿನ ಕೊನೆಯಲ್ಲಿ ಪ್ಯಾರಾ ಮುರಿದಿತ್ತು, ಸಾಲು ದಾಟಿದ ಪದಗಳ ನಡುವೆ ಅಡ್ಡಗೆರೆ ಉಳಿದಿತ್ತು. ಅದನ್ನೆಲ್ಲ ಸರಿಪಡಿಸಲು ಅಕ್ಕನಿಗೆ ಎರಡು ಸಂಜೆ, ಆ ಮೂರು ವಾರಗಳಲ್ಲಿ ತಾವು ಹೇಳಿದ್ದ ತಿದ್ದುಪಡಿಗಳನ್ನು ಮತ್ತೆ ಗುರುತು ಹಾಕಲು ಮೇಷ್ಟ್ರಿಗೆ ಒಂದು ಸಂಜೆ ಹಿಡಿಯಿತು.

ಇದೇ ಪ್ರಕರಣ ಹೊಸ ಯಂತ್ರವೊಂದರಲ್ಲಿ ನಡೆದಿದ್ದರೆ ದಾರಿ ಬೇರೆಯಾಗುತ್ತಿತ್ತು. ವಿಂಡೋಸ್ 11 ಇರುವ ಹಲವು ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಒಳಪಟ್ಟಿರುತ್ತದೆ. ಅದನ್ನು ಕಳಚಿ ಬೇರೆ ಯಂತ್ರಕ್ಕೆ ಹಾಕಿದರೆ 48 ಅಂಕೆಗಳ ಬಿಟ್‌ಲಾಕರ್ ಕೀಲಿಯನ್ನು ಕೇಳುತ್ತದೆ, ಕೀಲಿಯಿಲ್ಲದಿದ್ದರೆ ಪೂರ್ತಿ ಓದಲಾದ ಅಚ್ಚೂ ಕಸಕ್ಕೆ ಸಮ. ಎಸ್‌ಎಸ್‌ಡಿಗಳಂತೂ ಹೀಗೆ ಎರಡು ವಾರ ಲೊಚಗುಟ್ಟಿ ಮುನ್ಸೂಚನೆ ಕೊಡುವ ಜಾತಿಯವಲ್ಲ.

ಅಂಗಡಿಯ ಯಂತ್ರಕ್ಕೆ ಹೊಸ ಎಸ್‌ಎಂಪಿಎಸ್ ಹಾಗೂ ಹೊಸ ಡಿಸ್ಕ್ ಹಾಕಿ, ಪೇಜ್‌ಮೇಕರಿನ ಸಲುವಾಗಿ ವಿಂಡೋಸ್ 7 ಅನ್ನೇ ಉಳಿಸಿಕೊಂಡು, ಇಂಟರ್‌ನೆಟ್ ಕೇಬಲ್ಲನ್ನು ಮಾತ್ರ ಬಿಡಿಸಿದೆವು. ಏಕೆಂದರೆ 2020ರ ಜನವರಿ 14ಕ್ಕೇ ವಿಂಡೋಸ್ 7ರ ಬೆಂಬಲ ಮುಗಿದಿದೆ. ಡೆಸ್ಕ್‌ಟಾಪ್ ಫೋಲ್ಡರನ್ನು ಡಿ ಡ್ರೈವಿಗೆ ಸರಿಸಿದೆವು. ಪ್ರತಿ ಶನಿವಾರ ಕೆಲಸವನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲಿಸಿ, ಅದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯುವುದು ಅಕ್ಕನ ಈಗಿನ ಪದ್ಧತಿ.

ಎಸ್‌ಎಂಪಿಎಸ್‌ನ ಏರಿಳಿತವೇ ಡಿಸ್ಕನ್ನು ಹಾಳುಮಾಡಿತೇ ಎಂದು ಅವರು ಕೇಳಿದ್ದರು. ಆರಿದ ಕೆಪಾಸಿಟರುಗಳಿಂದ ಡಿಸ್ಕಿಗೆ ಹೋಗುವ ವಿದ್ಯುತ್ತು ಕಲುಷಿತವಾಗುವುದುಂಟು, ಆದರೆ ಹನ್ನೊಂದು ವರ್ಷ ದಿನವೂ ತಿರುಗಿದ ಡಿಸ್ಕಿಗೆ ಸಾಯಲು ಬೇರೆ ಕಾರಣ ಬೇಕಾಗಿಯೂ ಇಲ್ಲ. ಹಳೆಯ ಡಿಸ್ಕನ್ನು ದಿನಾಂಕದ ಚೀಟಿ ಅಂಟಿಸಿ ನನ್ನ ಮೇಜಿನ ಖಾನೆಯಲ್ಲಿ ಇಟ್ಟಿದ್ದೆ. ಮೂರು ವಾರ ಕಳೆದ ಮೇಲೆ, ಪುಸ್ತಕ ಅಚ್ಚಾಗಿ ಬಂದ ದಿನ, ಕುತೂಹಲಕ್ಕೆಂದು ಅದನ್ನು ಮತ್ತೆ ಹಚ್ಚಿ ನೋಡಿದೆ. ತಿರುಗಿತು, ನಾಲ್ಕು ಸಲ ಲೊಚಗುಟ್ಟಿತು, ಬಯೋಸ್ ಪಟ್ಟಿಯಲ್ಲಿ ಅದರ ಹೆಸರು ಬರಲಿಲ್ಲ. ಅರ್ಧ ಗಂಟೆ ಬಿಟ್ಟು ಹಚ್ಚಿದಾಗಲೂ ಬರಲಿಲ್ಲ.